ಶುಗರ್ ಏರಿದ್ದು ಗೊತ್ತಾಗುತ್ತದೆ, ಇಳಿದದ್ದು?

ನಮ್ಮ ಮನೆಗಳಲ್ಲಿ ಶುಗರ್ ಅಂದರೆ ಒಂದೇ ಅರ್ಥ, ಅದು ಜಾಸ್ತಿ ಆಗಿದೆ ಅಂತ. ಶುಗರ್ ಇರುವವರಿಗೆ ತಲೆ ಸುತ್ತಿದರೆ, ಮೈ ಬೆವರಿದರೆ, ಮಾತು ತೊದಲಿದರೆ ಪಕ್ಕದವರು ಮೊದಲು ಹೇಳುವ ಮಾತು, "ಹೈ ಆಗಿರಬೇಕು, ಸಿಹಿ ಕೊಡಬೇಡಿ." ಬೆವರಿ ನಡುಗುತ್ತಿರುವ ಆ ಮನುಷ್ಯನಿಗೆ ಆಗ ಬೇಕಾಗಿರುವುದು ಸಿಹಿಯೇ. ಅಂಥವರ ಕೈಯಿಂದ ಚಹಾದ ಲೋಟ ತೆಗೆದುಕೊಂಡು ಸಕ್ಕರೆ ಹಾಕದ್ದು ತರಿಸುವವರನ್ನು ನಾವು ಚಾಮರಾಜಪೇಟೆಯ ಅಂಗಡಿಗಳಲ್ಲೂ ಕಂಡಿದ್ದೇವೆ, ಊರಿನ ಮದುವೆ ಮನೆಗಳಲ್ಲೂ ಕಂಡಿದ್ದೇವೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಪ್ರೀತಿಯಿಂದ ಮಾಡಿದ್ದಕ್ಕೂ ಜೀವ ಹೋಗಬಹುದು.

ಶುಗರ್ ಹೆಚ್ಚಾಗಿ ಪ್ರಾಣಕ್ಕೆ ಬರಲು ಸಾಮಾನ್ಯವಾಗಿ ಒಂದೆರಡು ದಿನವಾದರೂ ಬೇಕು, ಹಿರಿಯರಲ್ಲಿ ಒಂದು ವಾರವೂ ಹಿಡಿಯಬಹುದು. ಇಳಿದು ಪ್ರಾಣಕ್ಕೆ ಬರಲು ಕೆಲವು ನಿಮಿಷ ಸಾಕು. ಹೀಗಿದ್ದೂ ನಾವು ಹೆದರುವುದು ಏರಿಕೆಗೆ ಮಾತ್ರ. ರಮಝಾನ್‌ಗೆ ಆರೆಂಟು ವಾರ ಇರುವಾಗಲೇ ಡಾಕ್ಟರನ್ನು ಕಾಣಬೇಕು ಎಂದು ತಜ್ಞರು ಹೇಳುತ್ತಾರೆ. ಆದ್ದರಿಂದ ಈ ಮಾತು ಈಗಲೇ ಆಗಲಿ.

ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಹೆಚ್ಚು ಕಡಿಮೆ ಒಂದು ಟೀ ಚಮಚದಷ್ಟು. ನಮ್ಮ ಮಿದುಳು ಮುಖ್ಯವಾಗಿ ಅದರ ಮೇಲೆಯೇ ನಡೆಯುತ್ತದೆ, ಮತ್ತು ಅದಕ್ಕೆ ಹೇಳಿಕೊಳ್ಳುವಷ್ಟು ಕೂಡಿಡಲು ಬರುವುದಿಲ್ಲ. ಮೀಟರ್‌ನಲ್ಲಿ 70ರ ಕೆಳಗೆ ಬಂದರೆ ಅದು 'ಲೋ'. ಕೈ ನಡುಗುತ್ತದೆ, ತಣ್ಣನೆ ಬೆವರು, ಎದೆ ಬಡಿತ, ತಡೆಯಲಾಗದ ಹಸಿವು. 54ಕ್ಕಿಂತ ಕೆಳಗಿಳಿದರೆ ಪೆಟ್ಟು ಬೀಳುವುದು ಬುದ್ಧಿಗೆ. ಮಾತು ತಪ್ಪುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಎದುರಿಗಿದ್ದವರ ಗುರುತು ಸಿಗುವುದಿಲ್ಲ. ಆಮೇಲೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಕಷ್ಟ ಇರುವುದು ಇಲ್ಲೇ. ಯಾವ ಬುದ್ಧಿಯಿಂದ "ನನಗೆ ಲೋ ಆಗಿದೆ" ಎಂದು ತಿಳಿಯಬೇಕೋ ಆ ಬುದ್ಧಿಯೇ ಮಂಕಾಗಿರುತ್ತದೆ. "ನನಗೇನೂ ಆಗಿಲ್ಲ, ಬಿಡಿ ನೀವು" ಎಂದು ರೇಗುತ್ತಾರೆ. ಹಾಗಾಗಿ ಗೊತ್ತಿರಬೇಕಾದ್ದು ರೋಗಿಗಿಂತ ಹೆಚ್ಚಾಗಿ ಪಕ್ಕದಲ್ಲಿರುವವರಿಗೆ. ಹೆಂಡತಿಗೆ, ಮಗನಿಗೆ, ಅಂಗಡಿಯ ಹುಡುಗನಿಗೆ, ಮಸೀದಿಯಲ್ಲಿ ಪಕ್ಕದ ಸಫ್‌ನಲ್ಲಿ ನಿಂತವರಿಗೆ.

ಲೋ ಆದವರು ತೂರಾಡುವುದು, ತೊದಲುವುದು ನೋಡುವವರಿಗೆ ಕುಡಿದವರಂತೆ ಕಾಣುತ್ತದೆ. ಗಡ್ಡ ಬಿಟ್ಟ ಹಾಜಿಯವರೊಬ್ಬರು ಕೆ.ಆರ್. ಮಾರ್ಕೆಟ್ ಬಸ್ ಸ್ಟಾಪ್‌ನಲ್ಲಿ ಹೀಗೆ ತೂರಾಡಿದರೆ ಜನ ಹತ್ತಿರ ಬರುವ ಬದಲು ದೂರ ಸರಿಯುತ್ತಾರೆ. ಹೆಣ್ಣುಮಕ್ಕಳಾದರೆ ಇನ್ನೊಂದು ಕಥೆ, ಕಣ್ಣು ತಾಗಿದೆ, ಏನೋ ಮೈಮೇಲೆ ಬಂದಿದೆ ಅಂತ. ಉಸ್ತಾದರ ಬಳಿ ಓದಿ ಊದಿಸಿಕೊಳ್ಳಲು ಕರೆತರುವವರೂ ಇದ್ದಾರೆ. ಓದಿ ಊದುವುದಕ್ಕೆ ನಮ್ಮ ತಕರಾರೇನೂ ಇಲ್ಲ. ಶುಗರ್ ಇರುವವರಾದರೆ ಆ ನೀರಿಗೆ ಮೊದಲು ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಆಮೇಲೆ ಓದೋಣ.

ಮೂರು ಚಮಚ ಎಂದದ್ದು ಬಾಯಿಮಾತಿಗಲ್ಲ. ಲೋ ಆದಾಗ ಕೊಡಬೇಕಾದ್ದು ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ. ಗ್ಲೂಕೋಸ್ ಪುಡಿಯಾದರೂ ಅಷ್ಟೇ. ಅರ್ಧ ಲೋಟ ಹಣ್ಣಿನ ರಸವೂ ಆಗುತ್ತದೆ. 15 ನಿಮಿಷ ಕಾದು ಮತ್ತೆ ನೋಡಬೇಕು, 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಸರಿಯಾದ ಮೇಲೆ ರೊಟ್ಟಿ, ಅನ್ನ, ಬಿಸ್ಕತ್ತು ಏನಾದರೂ ತಿನ್ನಿಸಬೇಕು, ಇಲ್ಲದಿದ್ದರೆ ಪುನಃ ಇಳಿಯುತ್ತದೆ. ಚಾಕೊಲೇಟ್, ಬರ್ಫಿ ಕೊಡುವವರಿದ್ದಾರೆ. ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ, ಆ ಹೊತ್ತಿಗೆ ಅದು ಸರಿಯಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಝಮ್‌ಝಮ್ ಆದರೂ ಸರಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಮೀಟರ್ ಇಲ್ಲ, ಹೈಯೋ ಲೋನೋ ಗೊತ್ತಾಗುತ್ತಿಲ್ಲ. ಆಗ ಏನು ಮಾಡೋದು? ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಿಹಿ ಕೊಡಿ. 400 ಇದ್ದವರಿಗೆ ಮೂರು ಚಮಚ ಸಕ್ಕರೆಯಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. 40 ಇದ್ದವರಿಗೆ ಅದನ್ನು ಕೊಡದಿದ್ದರೆ ಜೀವ ಹೋಗಬಹುದು. ನಮ್ಮವರಲ್ಲಿ ಎಷ್ಟೋ ಮಂದಿ ಈ ಊರಿನಲ್ಲಿ ಹೋಟೆಲ್, ಜ್ಯೂಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಗಾಂಧಿ ಬಜಾರ್‌ನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲೋ ಒಬ್ಬ ಗಿರಾಕಿ ಬೆವರಿ ಕುಸಿದು ಕೂತರೆ, ಆಂಬ್ಯುಲೆನ್ಸ್‌ಗಿಂತ ಮೊದಲು ಮದ್ದು ಕೊಡಲು ಆಗುವುದು ಜ್ಯೂಸ್ ಅಂಗಡಿಯವರಿಗೆ. ಅವರಿಗೆ ಇದು ಗೊತ್ತಿದ್ದರೆ ಸಾಕು, ಸಾಮಾನು ಹೇಗೂ ಕೈಯಲ್ಲೇ ಇದೆ.

ಅಂಗಡಿ ಎಂದಾಗ ಅಂಗಡಿಯವರ ಊಟದ ಹೊತ್ತನ್ನೂ ನೋಡಬೇಕು. ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ಬಂದು ಪೇಟೆಯಲ್ಲಿ ವ್ಯಾಪಾರ ಮಾಡುವ ನಮ್ಮವರ ದಿನ ಸುಬ್‌ಹಿಗೆ ಶುರು. ಮಾರ್ಕೆಟ್‌ಗೆ ಹೋಗಿ ಸಾಮಾನು ತರಬೇಕು, ಶಟರ್ ಎತ್ತಬೇಕು, ಹುಡುಗರು ಬಂದರೋ ಇಲ್ಲವೋ ನೋಡಬೇಕು. ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗಿರುತ್ತಾರೆ, ನಾಷ್ಟಾ ಹತ್ತೂವರೆಗೆ. ಮಧ್ಯಾಹ್ನದ ಊಟ ಮೂರೂವರೆಗೆ, ಅದೂ ನಿಂತುಕೊಂಡೇ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಇದರಿಂದ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆಗಳು ಹಾಗಲ್ಲ. ಊಟ ಮಾಡಲಿ ಬಿಡಲಿ ಅವು ಮೈಯಿಂದ ಇನ್ಸುಲಿನ್ ಹೊರಡಿಸುತ್ತವೆ. ಎರಡು ಮದ್ದು ಸೇರಿಸಿ ಒಂದೇ ಮಾತ್ರೆ ಮಾಡಿರುವುದೂ ಇದೆ, ಆಗ ಒಳಗೆ ಏನಿದೆ ಅಂತ ನುಂಗುವವರಿಗೇ ಗೊತ್ತಿರುವುದಿಲ್ಲ. ಸ್ಟ್ರಿಪ್‌ನ ಹಿಂದೆ ಬರೆದಿರುವ ಹೆಸರನ್ನು ಮನೆಯ ಓದುವ ಮಕ್ಕಳಿಂದಾದರೂ ಓದಿಸಿ, ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟುಕೊಳ್ಳಿ.

ಈ ಮಾತ್ರೆಗಳಿಂದ ಲೋ ಆದ ಹಿರಿಯರನ್ನು, ಅದರಲ್ಲೂ ಕಿಡ್ನಿ ದುರ್ಬಲವಾದವರನ್ನು, ಸಕ್ಕರೆ ನೀರು ಕುಡಿದು ಎದ್ದು ಕೂತರು ಅಂತ ಮನೆಯಲ್ಲೇ ಬಿಡಬಾರದು. ಮದ್ದು ಮೈಯಲ್ಲಿ ಇನ್ನೂ ಇರುತ್ತದೆ. ಕೆಲವು ಗಂಟೆ ಕಳೆದು ನಿದ್ದೆಯಲ್ಲಿ ಮತ್ತೆ ಇಳಿಯಬಹುದು. ವಿಕ್ಟೋರಿಯಾ ಆಸ್ಪತ್ರೆ ಚಾಮರಾಜಪೇಟೆಯವರಿಗೆ ಕೂಗಳತೆಯಲ್ಲಿದೆ. 1900ರಲ್ಲಿ ವೈಸ್‌ರಾಯ್ ಕರ್ಝನ್ ಬಂದು ತೆರೆದ ಆಸ್ಪತ್ರೆ ಅದು, ಅಂದಿನಿಂದ ಬಡವರ ಬಾಗಿಲಾಗಿಯೇ ಉಳಿದಿದೆ. ಬರೀ ಲೋ ಆಗಿದ್ದಕ್ಕೆ ಅಲ್ಲಿವರೆಗೆ ಯಾಕೆ ಅನ್ನಬೇಡಿ. ಬಿಪಿಗೂ ಹೃದಯಕ್ಕೂ ಕೊಡುವ ಕೆಲವು ಮಾತ್ರೆಗಳು ನಡುಕವನ್ನು, ಎದೆ ಬಡಿತವನ್ನು ಮರೆಮಾಡುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಪದೇ ಪದೇ ಲೋ ಆಗುವವರಿಗೆ ದಿನ ಹೋದಂತೆ ಯಾವ ಸೂಚನೆಯೂ ಸಿಗದೇ ಹೋಗುತ್ತದೆ. ಚೆನ್ನಾಗಿ ಮಾತಾಡುತ್ತಿದ್ದವರು ಹಾಗೇ ಬಿದ್ದುಬಿಡುತ್ತಾರೆ.

"ನನ್ನ ಮೂರು ತಿಂಗಳ ರಿಪೋರ್ಟ್ ಚೆನ್ನಾಗಿದೆ, ಏಳು ಬಂದಿದೆ" ಎನ್ನುವವರಿಗೂ ಒಂದು ಮಾತು. ಅದು ಸರಾಸರಿ. ಬೆಳಗ್ಗೆ 50, ರಾತ್ರಿ 300 ಇದ್ದವರ ಸರಾಸರಿಯೂ ಚೆಂದವೇ ಕಾಣುತ್ತದೆ. ಏರಿಳಿತ ಗೊತ್ತಾಗಬೇಕಾದರೆ ಬೆರಳು ಚುಚ್ಚಿ ನೋಡಬೇಕು. ಸ್ಟ್ರಿಪ್ ದುಬಾರಿ ಎನ್ನುವುದು ನಿಜ, ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ದಿನಕ್ಕೆ ನಾಲ್ಕು ಸಲ ನೋಡಿ ಎಂದು ಹೇಳಲು ನಮಗೂ ಬಾಯಿ ಬರುವುದಿಲ್ಲ. 'ನಮ್ಮ ಕ್ಲಿನಿಕ್'ಗಳಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಮನೆಯ ಮೀಟರ್ ಅನ್ನು ಅನುಮಾನ ಬಂದ ಹೊತ್ತಿಗಾದರೂ ಬಳಸಿ.

ಹೈ ಆಗುವುದರಲ್ಲಿ ಎರಡು ಬಗೆಯ ಅಪಾಯವಿದೆ. ಮೈಯಲ್ಲಿ ಇನ್ಸುಲಿನ್ ಇಲ್ಲವೇ ಇಲ್ಲ ಎನ್ನುವವರಿಗೆ, ಅಂದರೆ ಟೈಪ್ 1 ಮಕ್ಕಳಿಗೆ, ಯುವಕರಿಗೆ ಹೆಚ್ಚಾಗಿ ಬರುವುದು ಕೀಟೋ ಆಸಿಡೋಸಿಸ್. ಸಕ್ಕರೆ ಬಳಸಲಾಗದ ದೇಹ ಕೊಬ್ಬನ್ನು ಸುಡುತ್ತದೆ, ರಕ್ತ ಆಮ್ಲವಾಗುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆನೋವು, ವಾಂತಿ, ಆಳವಾದ ಏದುಸಿರು, ಬಾಯಿಯಲ್ಲಿ ಕೊಳೆತ ಹಣ್ಣಿನ ವಾಸನೆ. ಮನೆಯವರು ಗ್ಯಾಸ್ಟ್ರಿಕ್ ಅಂತಲೋ ದಮ್ಮು ಅಂತಲೋ ತಿಳಿಯುತ್ತಾರೆ. ಇಲ್ಲಿ ನಮ್ಮವರು ಎಡವುವ ಜಾಗವೂ ಒಂದಿದೆ: "ಮಗು ಏನೂ ತಿಂದಿಲ್ಲ, ಇವತ್ತು ಇನ್ಸುಲಿನ್ ಬೇಡ." ಜ್ವರ, ವಾಂತಿ ಇದ್ದಾಗ ಊಟ ಸೇರದಿದ್ದರೂ ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ನಿಲ್ಲಿಸಲೇಬಾರದು. ಎಷ್ಟು ತೆಗೆದುಕೊಳ್ಳಬೇಕು ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಇನ್ನೊಂದು ಬಗೆ ಹಿರಿಯರದ್ದು. ಜ್ವರವೋ ಕಾಲಿನ ಹುಣ್ಣೋ ಇದ್ದು, ನೀರು ಕುಡಿಯುವುದು ಕಡಿಮೆಯಾಗಿ, ದಿನ ದಿನ ಏರುತ್ತಾ ಶುಗರ್ 600 ದಾಟುತ್ತದೆ. ಅಜ್ಜ ಎರಡು ದಿನದಿಂದ ಬರೀ ಮಲಗಿಯೇ ಇದ್ದಾರೆ, ವಯಸ್ಸಾಯಿತಲ್ಲ ಅಂತ ಬಿಟ್ಟಿರುತ್ತೇವೆ. ಅದು ವಯಸ್ಸಲ್ಲ. ಸೊಪ್ಪಿನ ಪುಡಿ ತಿಂದು ಇನ್ಸುಲಿನ್ ಬಿಟ್ಟವರ ಕಥೆಯೂ ಇದರ ಜೊತೆಗೇ ಸೇರುತ್ತದೆ. ಪುಡಿ ಮಾರಿದವನು ಐಸಿಯು ಬಿಲ್ ಕಟ್ಟಲು ಬರುವುದಿಲ್ಲ.

ಇನ್ನೊಂದು ವಿಷಯ ಗಲ್ಫ್‌ನ ನಂಟಿರುವ ಮನೆಗಳಿಗೆ. ಅಂದರೆ ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲ ಮನೆಗಳಿಗೂ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ತಕ್ಕ ಸಿರಿಂಜ್‌ನ ಮುಚ್ಚಳ ಕೆಂಪು. ಗಲ್ಫ್‌ನಲ್ಲಿ ಸಿಗುವ ಬಾಟಲಿ 100 ಯೂನಿಟ್‌ನದ್ದು, ಅದರ ಸಿರಿಂಜ್‌ಗೆ ಕಿತ್ತಳೆ ಮುಚ್ಚಳ. ರಜೆಯಲ್ಲಿ ಬಂದ ಮಗ ಉಮ್ಮನಿಗೆ ಅಂತ ದಮ್ಮಾಮ್‌ನಿಂದ ಎರಡು ಬಾಟಲಿ ತರುತ್ತಾನೆ. ಸಿರಿಂಜ್ ಮಾತ್ರ ಇಲ್ಲಿಯ ಮೆಡಿಕಲ್ ಶಾಪ್‌ನದ್ದು, ಕೆಂಪು ಮುಚ್ಚಳದ್ದು. ಉಮ್ಮ ಎಂದಿನಂತೆ 20ರ ಗೆರೆಗೆ ಎಳೆಯುತ್ತಾರೆ. ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ರಾತ್ರಿ ಮಲಗುವ ಮುಂಚೆ ಚುಚ್ಚಿಕೊಂಡಿದ್ದರೆ ಬೆಳಗ್ಗೆ ಎಬ್ಬಿಸಲು ಆಗದೇ ಹೋಗಬಹುದು. ತಿರುಗುಮುರುಗಾದರೂ ತೊಂದರೆಯೇ. ಇಲ್ಲಿಯ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್ ಹಾಕಿ 20 ಎಳೆದರೆ ಸಿಗುವುದು ಬರೀ 8 ಯೂನಿಟ್, ಆಗ ಶುಗರ್ ಮುನ್ನೂರು ನಾನೂರಕ್ಕೆ ಏರುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜ್‌ನ ಮೇಲಿನ ಸಂಖ್ಯೆ ಎರಡೂ ಒಂದೇ ಇದೆಯಾ ನೋಡಿ, ಅಷ್ಟೇ ಕೆಲಸ. ಪೆನ್ ಬಳಸುವವರು ಪೆನ್ನಿನೊಳಗಿನ ಮದ್ದನ್ನು ಸಿರಿಂಜ್‌ಗೆ ಎಳೆದುಕೊಳ್ಳಬಾರದು, ಅದು ಬಹುತೇಕ 100ರದ್ದು ಅಥವಾ ಅದಕ್ಕಿಂತ ಗಟ್ಟಿ. ಈಗ ಇನ್ಸುಲಿನ್‌ಗಾಗಿ ಗಲ್ಫ್ ಕಡೆ ನೋಡುವ ಅಗತ್ಯವೂ ಇಲ್ಲ. ಇದೇ ಬೆಂಗಳೂರಿನ ಬಯೋಕಾನ್ 2004ರಿಂದ ಇನ್ಸುಲಿನ್ ಮಾರುತ್ತಿದೆ.

ಇನ್ನು ಉಪವಾಸದ ವಿಚಾರ. ಭಾರತವೂ ಸೇರಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮಧುಮೇಹಿ ಮುಸ್ಲಿಮರನ್ನು 2001ರಲ್ಲಿ ವಿಚಾರಿಸಿ ನಡೆಸಿದ ಎಪಿಡಯರ್ ಎಂಬ ಅಧ್ಯಯನವಿದೆ. ಟೈಪ್ 2 ಇರುವವರಲ್ಲಿ ಸುಮಾರು ನೂರಕ್ಕೆ 79 ಮಂದಿ, ಟೈಪ್ 1 ಇರುವವರಲ್ಲಿ 43 ಮಂದಿ ರಮಝಾನ್‌ನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ಆಸ್ಪತ್ರೆಗೆ ಸೇರಿಸಬೇಕಾದಂಥ ಲೋ, ಬೇರೆ ತಿಂಗಳಿಗೆ ಹೋಲಿಸಿದರೆ ಟೈಪ್ 1 ಇರುವವರಲ್ಲಿ 4.7 ಪಟ್ಟು, ಟೈಪ್ 2 ಇರುವವರಲ್ಲಿ 7.5 ಪಟ್ಟು ಹೆಚ್ಚಿತ್ತು. ತೀವ್ರ ಹೈ ಕೂಡ ಟೈಪ್ 2ರಲ್ಲಿ ಐದು ಪಟ್ಟು. ಹಗಲೆಲ್ಲ ಇಳಿಯುತ್ತದೆ, ಮಗ್ರಿಬ್ ಆದ ಕೂಡಲೇ ಖರ್ಜೂರ, ಶರಬತ್ತು, ಎಣ್ಣೆಯಲ್ಲಿ ಕರಿದದ್ದು, ಆಮೇಲೆ ಪತ್ತಿರ್, ಬಿರಿಯಾನಿ ಅಂತ ಒಮ್ಮೆಲೇ ಏರುತ್ತದೆ. ಈಗಿನ ವರ್ಷಗಳಲ್ಲಿ ನಮ್ಮ ಊರಲ್ಲಿ ಉಪವಾಸ ಸುಮಾರು 13 ಗಂಟೆ. ಅಸರ್ ಆದಮೇಲಿನ ಹೊತ್ತು ಲೋ ಆಗಲು ತಕ್ಕ ಸಮಯ, ಅದೇ ಹೊತ್ತಿಗೆ ಜನ ಬೈಕ್ ಹತ್ತಿ ಮನೆಗೆ ಓಡುವುದು.

ಎಲ್ಲ ಶುಗರ್‌ನವರೂ ಉಪವಾಸ ಬಿಡಬೇಕೆಂದು ನಾವು ಹೇಳುತ್ತಿಲ್ಲ, ಡಾಕ್ಟರುಗಳೂ ಹಾಗೆ ಹೇಳುವುದಿಲ್ಲ. ಹತೋಟಿಯಲ್ಲಿರುವ, ಲೋ ಆಗದ ಮದ್ದು ತೆಗೆದುಕೊಳ್ಳುವ ಎಷ್ಟೋ ಮಂದಿ ಸುಖವಾಗಿ ಹಿಡಿಯುತ್ತಾರೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ರಮಝಾನ್-ಮಧುಮೇಹ ತಜ್ಞರ ಕೂಟ ಸೇರಿ 2016ರಲ್ಲಿ ಹೊರತಂದು 2021ರಲ್ಲಿ ತಿದ್ದಿದ ಮಾರ್ಗಸೂಚಿ ಒಬ್ಬೊಬ್ಬರ ಅಪಾಯವನ್ನು ಅಂಕ ಹಾಕಿ ಅಳೆಯಲು ಹೇಳುತ್ತದೆ. ಈಚೆಗೆ ತೀವ್ರ ಲೋ ಆದವರು, ಪದೇ ಪದೇ ಲೋ ಆಗುವವರು, ಕಿಡ್ನಿ ಕೆಟ್ಟವರು, ಇನ್ಸುಲಿನ್ ಮೇಲಿರುವ ಗರ್ಭಿಣಿಯರು ಮೇಲಿನ ಸಾಲಿನಲ್ಲಿ ಬರುತ್ತಾರೆ. ಉಪವಾಸ ಹಿಡಿದವರಿಗೂ ಅದರಲ್ಲಿ ಸ್ಪಷ್ಟ ಗೆರೆ ಇದೆ. ಶುಗರ್ 70ರ ಕೆಳಗೆ ಬಂದರೆ, 300 ದಾಟಿದರೆ ಉಪವಾಸ ಮುರಿಯಬೇಕು. ಮಗ್ರಿಬ್‌ಗೆ ಹತ್ತೇ ನಿಮಿಷ ಇದ್ದರೂ! ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ. ಇದರಲ್ಲಿ ಅನುಮಾನವೇ ಬೇಡ. ಎಷ್ಟೋ ಮಂದಿ ಆ ಭಯದಿಂದಲೇ ತಿಂಗಳಿಡೀ ಮೀಟರ್ ಮುಟ್ಟುವುದಿಲ್ಲ.

ಕಾಯಿಲೆಯವರು ಬೇರೆ ದಿನಗಳಲ್ಲಿ ಎಣಿಕೆ ತುಂಬಿಸಲಿ ಎಂದು ಸೂರಾ ಅಲ್ ಬಕರಾದಲ್ಲಿ ಉಪವಾಸದ ಆಜ್ಞೆಯ ಜೊತೆಗೇ ಬಂದಿದೆ. ವಾಸಿಯಾಗುವ ಭರವಸೆ ಇಲ್ಲದ ಕಾಯಿಲೆಯವರು ಶಾಫಿ ಮದ್‌ಹಬ್ ಪ್ರಕಾರ ದಿನಕ್ಕೆ ಒಂದು ಮುದ್ದ್ ಆಹಾರ ಬಡವರಿಗೆ ಕೊಟ್ಟರೆ ಆಯಿತು. ಪ್ರಾಣಕ್ಕೆ ಅಪಾಯವಿದ್ದರೆ ಉಪವಾಸ ಬಿಡುವುದು ಬರೀ ರಿಯಾಯಿತಿಯಲ್ಲ, ಕಡ್ಡಾಯ. ತಲೆಗೆ ಗಾಯವಾದ ಸಹಾಬಿಯೊಬ್ಬರಿಗೆ ಜೊತೆಯವರು ತಯಮ್ಮುಮ್ ಸಾಲದು, ಸ್ನಾನವೇ ಆಗಬೇಕು ಎಂದು ಹೇಳಿ, ಅವರು ಸ್ನಾನ ಮಾಡಿ ತೀರಿಕೊಂಡ ಪ್ರಸಂಗ ಅಬೂ ದಾವೂದ್‌ನ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿಯವರು ಆ ಸಲಹೆ ಕೊಟ್ಟವರ ಮೇಲೆ ಎಷ್ಟು ಕಠಿಣವಾದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂದು ಹೇಗೆ ವಿಚಾರಿಸಿದರು ಎಂಬುದನ್ನು ಮದ್ರಸದಲ್ಲಿ ಓದಿದವರೆಲ್ಲ ಬಲ್ಲರು. "ಇಷ್ಟು ವರ್ಷ ಹಿಡಿದಿದ್ದೀರಿ, ಈ ವರ್ಷವೂ ಅಲ್ಲಾಹು ನಡೆಸುತ್ತಾನೆ" ಎಂದು ಶುಗರ್ ರೋಗಿಗೆ ಧೈರ್ಯ ಹೇಳುವ ನೆಂಟರೂ, ನಮ್ಮಂಥ ಉಸ್ತಾದರೂ ಈ ಹದೀಸನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಹಿಡಿಯಬಹುದೇ ಎಂದು ಹೇಳಬೇಕಾದವರು ಡಾಕ್ಟರು. ಬಿಟ್ಟದ್ದಕ್ಕೆ ಏನು ಮಾಡಬೇಕು ಎಂದು ಹೇಳುವುದು ನಮ್ಮ ಕೆಲಸ.

ಇದೆಲ್ಲ ಬಚ್ಚಿಡದ ಮನೆಗಳ ಮಾತಾಯಿತು. ಟೈಪ್ 1 ಇರುವ ಹುಡುಗಿಯ ನಿಕಾಹ್ ಮಾತುಕತೆ ಬಂದಾಗ ಇನ್ಸುಲಿನ್ ಬಾಟಲಿ ಫ್ರಿಡ್ಜ್‌ನ ಮೂಲೆಗೆ, ಕಪ್ಪು ಕವರ್‌ನೊಳಗೆ ಹೋಗುತ್ತದೆ. ಮದುವೆಯಾಗಿ ಹೋದ ಮನೆಯಲ್ಲಿ ಆ ಹುಡುಗಿ ಬಚ್ಚಲುಮನೆಯಲ್ಲಿ ಚುಚ್ಚಿಕೊಳ್ಳುತ್ತಾಳೆ. ಅತ್ತೆ, ನಾದಿನಿಯರಿಗೆ ಬಡಿಸಿ ಕೊನೆಗೆ ಉಣ್ಣುವ ಸೊಸೆ, ಚುಚ್ಚಿಕೊಂಡು ಒಂದೂವರೆ ಗಂಟೆ ಕಳೆದರೂ ಊಟಕ್ಕೆ ಕೂತಿರುವುದಿಲ್ಲ. ಅಡುಗೆಮನೆಯಲ್ಲಿ ಬಿದ್ದರೆ ಯಾರಿಗೂ ಕಾರಣ ಗೊತ್ತಿಲ್ಲ, ಸಕ್ಕರೆ ಡಬ್ಬಿ ಎದುರಿಗೇ ಇದ್ದರೂ ಯಾರೂ ಕೊಡುವುದಿಲ್ಲ. ಹೇಳಿ ಮದುವೆ ಮಾಡಿ. ಹೇಳಿದ್ದಕ್ಕೆ ಸಂಬಂಧ ಬಿಟ್ಟುಹೋಗುವುದಾದರೆ ಅದು ಹೋಗಬೇಕಾದ ಸಂಬಂಧವೇ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಹುಡುಗನ ಮನೆಯಲ್ಲೂ ಒಬ್ಬರೋ ಇಬ್ಬರೋ ಮಾತ್ರೆ ನುಂಗುವವರು ಇದ್ದೇ ಇರುತ್ತಾರೆ.

ಕಡೆಗೆ ಮದ್ರಸದ ಮಕ್ಕಳು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ಅದಕ್ಕೆ ಮೊದಲು ಈ ಕಾಯಿಲೆಯ ಮಕ್ಕಳು ಬದುಕುತ್ತಲೇ ಇರಲಿಲ್ಲ. ಈಗ ಬದುಕುತ್ತಾರೆ, ಓದುತ್ತಾರೆ, ನಮ್ಮ ಮುಂದೆ ಕೂತು ತಜ್‌ವೀದ್ ಕಲಿಯುತ್ತಾರೆ. ಶಾಲೆಗೆ ಮೊದಲು, ಬೆಳಗಿನ ಹೊತ್ತಿಗೆ, ಅರ್ಧ ಹೊಟ್ಟೆಯಲ್ಲಿ ಮದ್ರಸಕ್ಕೆ ಬರುವ ಮಗುವಿಗೆ ಇನ್ಸುಲಿನ್ ಇದ್ದರೆ ಪೋಷಕರು ಉಸ್ತಾದರಿಗೆ ಹೇಳಲೇಬೇಕು. ಉಸ್ತಾದರು ಆ ಮಗು ಪಾಠದ ನಡುವೆ ಬಿಸ್ಕತ್ತು ತಿಂದರೆ ಬೈಯಬಾರದು, ಎರಡು ಸಲ ಮೂತ್ರಕ್ಕೆ ಎದ್ದರೆ ತಡೆಯಬಾರದು. ಕಂಠಪಾಠ ಒಪ್ಪಿಸುವಾಗ ನಿನ್ನೆ ಬಂದ ಆಯತ್ತು ಇವತ್ತು ತಡವರಿಸಿದರೆ ಬೆತ್ತದ ಕಡೆ ನೋಡುವ ಮೊದಲು ಹಣೆಯ ಬೆವರು ನೋಡಬೇಕು. ಮೇಜಿನ ಖಾನೆಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ, ಮಗುವಿನ ಮನೆಯ ಫೋನ್ ನಂಬರ್ ಇರಲಿ.

ಸಿಬಿಎಸ್‌ಇ ಮಂಡಳಿ 2017ರಲ್ಲೇ ಮಧುಮೇಹವಿರುವ ಮಕ್ಕಳಿಗೆ ಬೋರ್ಡ್ ಪರೀಕ್ಷೆಯ ಕೊಠಡಿಗೆ ಸಿಹಿ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿದೆ. ಮದ್ರಸಗಳ ಪಬ್ಲಿಕ್ ಪರೀಕ್ಷೆಯಲ್ಲೂ ಈ ಅನುಮತಿ ಲಿಖಿತವಾಗಿ ಇರಬೇಕು. ಕೊಠಡಿಯ ಮೇಲ್ವಿಚಾರಕರ ಕೈಗೆ ಕೊಡುವ ಸೂಚನೆಯ ಹಾಳೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಮದ್ರಸ ಕಮಿಟಿಗಳು, ಉಸ್ತಾದರ ಸಂಘಟನೆಗಳು ಈ ವರ್ಷದ ಪರೀಕ್ಷೆಗೆ ಮೊದಲೇ ಇದನ್ನು ಬರೆದು ಕೇಳಲಿ.